ಎಣ್ಣೆ ಮಾತು ಸಾಕು ಮಾರಾಯ್ರೆ

ಊರಲ್ಲಿ ಮದುವೆ ಅಂದ್ರೆ ನನಗೀಗ ಹೆದರಿಕೆ. ಬೈಂದೂರಾಗಲಿ, ಬ್ರಹ್ಮಾವರವಾಗಲಿ, ಮಲ್ಲಿಗೆ ಹಂಚುವವರು ಮೊದಲು ನೋಡುವುದು ನನ್ನ ನೆತ್ತಿಯನ್ನೇ. "ಎಂತ ಹೆಣ್ಣೆ, ತಲಿಗೆ ಎಣ್ಣಿ ಹಾಕುದಿಲ್ಯಾ? ಬೆಂಗ್ಳೂರ್ ನೀರ್ ಸಮ ಇಲ್ಲೆ ಕಾಣ್."

ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಆ ಪ್ರೀತಿ ನನ್ನ ಒಂದೂವರೆ ವರ್ಷ ತಿಂದಿತು.

ನನಗಿರುವುದು ಲೈಕನ್ ಪ್ಲಾನೊಪೈಲಾರಿಸ್. ನಮ್ಮದೇ ಬಿಳಿ ರಕ್ತಕಣಗಳು ಕೂದಲ ಬುಡದ ಮೇಲೆ ಎರಗುವ ಅಪರೂಪದ ಕಾಯಿಲೆ. ಜ್ವರಕ್ಕೋ ಬಾಣಂತನಕ್ಕೋ ಉದುರಿದ ಕೂದಲು ಸಾಮಾನ್ಯವಾಗಿ ವಾಪಸ್ ಬರುತ್ತದೆ, ಯಾಕೆಂದರೆ ಬುಡ ಬದುಕಿರುತ್ತದೆ. ಇಲ್ಲಿ ಹೊಸ ಕೂದಲು ಹುಟ್ಟಿಸುವ ಕಾಂಡಕೋಶಗಳೇ ನಾಶವಾಗಿ, ಆ ಜಾಗದಲ್ಲಿ ಗಾಯದ ಕಲೆ ಕೂರುತ್ತದೆ. ಚರ್ಮ ನುಣ್ಣಗೆ ಹೊಳೆಯುತ್ತದೆ. ಕೂದಲು ಹೊರಬರುವ ರಂಧ್ರವೇ ಮುಚ್ಚಿದ ಮೇಲೆ ತೆಂಗಿನೆಣ್ಣೆ, ಈರುಳ್ಳಿ ರಸ ಮಾಡುವುದಾದರೂ ಏನನ್ನು?

ಇನ್ನು ನೀರಿನ ವಿಷಯ. ಲಂಡನ್ನಿನ ವೈದ್ಯ ಪ್ರಿಂಗಲ್ ಈ ಕಾಯಿಲೆಯನ್ನು 1895ರಲ್ಲೇ ವರ್ಣಿಸಿದ್ದರು. ಅವರ ರೋಗಿಗಳ್ಯಾರೂ ಬೆಂಗಳೂರಿನ ಬೋರ್‌ವೆಲ್ ನೀರಲ್ಲಿ ಮಿಂದವರಲ್ಲ.

ಹಾಗಂತ ಊರಿನ ಹೆಂಗಸರನ್ನು ಬೈದು ನಾವು ಪೇಟೆಯವರು ಜಾಣರಾಗುವುದೂ ಬೇಡ. ಬೆಂಗಳೂರಿನ ಹೇರ್ ಕ್ಲಿನಿಕ್ ಒಂದು ನನ್ನ ನೆತ್ತಿಯನ್ನು ಸರಿಯಾಗಿ ನೋಡದೆಯೇ ಆರು ಸಿಟ್ಟಿಂಗ್‌ನ ಪ್ಯಾಕೇಜ್ ಮಾರಿತು, ಇಎಂಐ ಮೇಲೆ. ಉರಿ, ತುರಿಕೆ ಅಂದರೆ "ಸ್ಟ್ರೆಸ್ ಮೇಡಂ" ಎಂಬ ಉತ್ತರ. ಎಣ್ಣೆಗೂ ಪ್ಯಾಕೇಜಿಗೂ ವ್ಯತ್ಯಾಸ ಕಂಡದ್ದು ಬಿಲ್ಲಿನಲ್ಲಿ ಮಾತ್ರ. ಎಣ್ಣೆ ಹಾಕಿದವರು ದುಡ್ಡನ್ನಾದರೂ ಕೇಳಲಿಲ್ಲ.

ಕೊನೆಗೆ ಚರ್ಮವೈದ್ಯರೊಬ್ಬರು ಡರ್ಮೋಸ್ಕೋಪ್ ಇಟ್ಟು ನೋಡಿ, ಕೂದಲಿನ್ನೂ ಉಳಿದಿದ್ದ ಕೆಂಪು ಅಂಚಿನಿಂದ 4 ಮಿ.ಮೀ. ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು. ಈಗ ಸ್ಟಿರಾಯ್ಡ್ ಇಂಜೆಕ್ಷನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಅದಕ್ಕಾಗಿ ಕಣ್ಣಿನ ತಪಾಸಣೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಕಾಯಿಲೆ ತಣಿಯುವ ಮೊದಲೇ ಕೂದಲು ಕಸಿ ಮಾಡಿಸಿದರೆ ಅದೂ ಹೋಗಬಹುದು.

ಅದಕ್ಕೇ ಈ ಜಗಳ. ತಡವಾದಷ್ಟೂ ಹೋದದ್ದು ಶಾಶ್ವತ. ನೆತ್ತಿ ಉರಿಯುತ್ತಿದ್ದರೆ, ಕೂದಲ ಬುಡ ಕೆಂಪಾಗಿ ಹೊಟ್ಟು ಕಟ್ಟಿದ್ದರೆ, ಬೋಳಾದ ಜಾಗ ನುಣುಪಾಗಿದ್ದರೆ ಸೀದಾ ಚರ್ಮವೈದ್ಯರ ಹತ್ತಿರ ಹೋಗಿ. "ಬಯಾಪ್ಸಿ ಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಕುಂದಾಪುರದಿಂದ ಮಣಿಪಾಲ ಸುಮಾರು 40 ಕಿ.ಮೀ., ಅಷ್ಟೆ.

ಮುಂದಿನ ಮದುವೆಯಲ್ಲಿ ಮಲ್ಲಿಗೆ ಕೊಡಿ, ಪಿನ್ನು ಹಾಕುವ ಜಾಗ ನಾನೇ ಹುಡುಕಿಕೊಳ್ಳುತ್ತೇನೆ. ಎಣ್ಣೆ ಮಾತ್ರ ಕಾಣೆ ಮೀನು ಹುರಿಯುವುದಕ್ಕಿರಲಿ.