ಹೋಟೆಲು ಕೆಲಸಗಾರರ ಸುರಕ್ಷತೆ: ಕೀಲಿಕೈ ಯಾರ ಬಳಿ?

2025ರ ನವೆಂಬರ್ 21ರಿಂದ ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದೆ. ಅವುಗಳಲ್ಲೊಂದು, 2020ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ, ವೃತ್ತಿ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಸಂಹಿತೆ. ದೊಡ್ಡ ಕಾರ್ಖಾನೆಗಳ ದೃಷ್ಟಿಯಿಂದ ಇದರ ಗುಣದೋಷಗಳನ್ನು ಬಲ್ಲವರು ಚರ್ಚಿಸುತ್ತಿದ್ದಾರೆ. ಕೋಠಿ, ಸುಲ್ತಾನ್ ಬಜಾರ್, ಕಾಚಿಗುಡಗಳಲ್ಲಿ ತಟ್ಟೆ ಲೋಟ ಹಿಡಿದು, ಇಲ್ಲವೆ ಲೆಕ್ಕದ ಪುಸ್ತಕ ಹಿಡಿದು ಹೊಟ್ಟೆ ಹೊರೆಯುವ ನಮ್ಮವರಿಗೆ ಇದರಿಂದ ಬಂದ ಲಾಭವೇನೆಂಬುದನ್ನು ಮಾತ್ರ ನಾವಿಲ್ಲಿ ವಿಚಾರಿಸುತ್ತೇವೆ.

ಮೊದಲು ಒಂದು ಹಳೆಯ ಸಂಗತಿಯನ್ನು ನೆನಪಿಗೆ ತರಬೇಕು. 1948ರ ಕಾರ್ಖಾನೆ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯು ಹೋಟೆಲು, ಉಪಾಹಾರಗೃಹಗಳನ್ನು ‘ಕಾರ್ಖಾನೆ’ ಎಂಬ ಪದದ ಅರ್ಥದಿಂದ ಹೊರಗಿಟ್ಟಿತು. ಹೊಸ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಬೆಳಗಿನ ಜಾವ ನಾಲ್ಕಕ್ಕೆ ಹೊತ್ತಿದ ಒಲೆ ರಾತ್ರಿ ಹನ್ನೊಂದರವರೆಗೆ ಆರದ, ಕುದಿಯುವ ಎಣ್ಣೆಯ ಬಾಣಲೆಯ ಪಕ್ಕದಲ್ಲೇ ರುಬ್ಬುವ ಯಂತ್ರ ತಿರುಗುತ್ತಿರುವ ಅಡಿಗೆ ಮನೆಯು ಕಾರ್ಖಾನೆಯಲ್ಲವಂತೆ! 2025ರ ಜೂನ್ 30ರಂದು ಪಾಶಮೈಲಾರಂನ ಸಿಗಾಚಿ ಔಷಧ ಕಾರ್ಖಾನೆಯ ಸ್ಫೋಟದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಮಡಿದಾಗ ಕಾರ್ಖಾನೆಗಳ ತಪಾಸಣೆಯ ಬಗೆಗೆ ರಾಜ್ಯದಲ್ಲೆಲ್ಲ ಕೂಗೆದ್ದಿತು, ಅದು ನ್ಯಾಯವೇ. ಆದರೆ ಅಡಿಗೆ ಮನೆಯ ಕಡೆಗೆ ಆಗಲೂ ಯಾರ ದೃಷ್ಟಿಯೂ ತಿರುಗಲಿಲ್ಲ.

ನಮ್ಮವರಿಗೆ ನಿಜವಾದ ಅಪಾಯವಿರುವುದು ದುಡಿಯುವ ಹೊತ್ತಿನಲ್ಲಿಯೂ ಅಲ್ಲ, ಮಲಗಿದ ಹೊತ್ತಿನಲ್ಲಿ ಎಂಬುದು ನಮ್ಮ ಅಭಿಪ್ರಾಯ. 2018ರ ಜನವರಿ 8ರಂದು ಬೆಂಗಳೂರಿನ ಕಲಾಸಿಪಾಳ್ಯದಲ್ಲಿ, ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರ್ ಒಂದಕ್ಕೆ ನಡುರಾತ್ರಿಯ ಮೇಲೆ ಬೆಂಕಿ ಬಿತ್ತು. ಅಲ್ಲಿ ಒಳಗೇ ಮಲಗಿದ್ದ ಐವರು ಕೆಲಸಗಾರರು ತೀರಿಕೊಂಡರು. ಅವರು ತುಮಕೂರು, ಹಾಸನ, ಮಂಡ್ಯದ ಕಡೆಯವರು. ಅದಕ್ಕೆ ಮೂರು ವಾರ ಮೊದಲು, 2017ರ ಡಿಸೆಂಬರ್ 18ರಂದು, ಮುಂಬಯಿಯ ಸಾಕಿನಾಕಾದಲ್ಲಿ ಕುರುಕಲು ತಿಂಡಿ ತಯಾರಿಸುವ ಅಂಗಡಿಯಲ್ಲಿ ಮಲಗಿದ್ದ ಹನ್ನೆರಡು ಮಂದಿ ಸುಟ್ಟು ಸತ್ತರು. ನಮ್ಮ ಈ ನಗರದಲ್ಲಿಯೇ 2022ರ ಮಾರ್ಚ್ 23ರ ನಸುಕಿನಲ್ಲಿ ಭೋಯಿಗುಡದ ಗುಜರಿ ಗೋದಾಮಿನ ಮೇಲಂತಸ್ತಿನಲ್ಲಿ ಬಿಹಾರದ ಹನ್ನೊಂದು ಕೂಲಿಗಳು ಪ್ರಾಣ ಬಿಟ್ಟರು. ಕೆಳಗಿಳಿಯಲು ಇದ್ದದ್ದು ಗೋದಾಮಿನೊಳಗಿಂದ ಬರುವ ಒಂದೇ ಸುತ್ತು ಮೆಟ್ಟಿಲು. ಮೇಲಿನಿಂದ ಹಾರಿದ ಒಬ್ಬನು ಬದುಕಿದನು.

ಭೋಯಿಗುಡದ ಆ ಮಾಳಿಗೆಗೂ ನಮ್ಮ ಹೋಟೆಲುಗಳ ಅಟ್ಟಕ್ಕೂ ಏನು ವ್ಯತ್ಯಾಸ? ಕೊನೆಯ ಗಿರಾಕಿ ಹೋದ ಮೇಲೆ ಮೇಜುಗಳನ್ನು ಒತ್ತಿಟ್ಟು, ಕೆಳಗೆ ನಾಲ್ವರು, ಅಟ್ಟದಲ್ಲಿ ಅಕ್ಕಿ ಮೂಟೆಗಳ ನಡುವೆ ಮೂವರು ಹಾಸಿಗೆ ಬಿಚ್ಚುತ್ತಾರೆ. ಮುಂದಿನ ಷಟರಿಗೆ ಹೊರಗಿನಿಂದ ಬೀಗ ಬೀಳುತ್ತದೆ. ಹಿಂದಿನ ಬಾಗಿಲಿಗೆ ಖಾಲಿ ಸಿಲಿಂಡರುಗಳೂ ಈರುಳ್ಳಿ ಚೀಲಗಳೂ ಒರಗಿರುತ್ತವೆ. ಕೀಲಿಕೈ ಮಾಲಿಕರ ಮನೆಗೆ ಹೋಗಿರುತ್ತದೆ. ಎಲ್ಲ ಹೋಟೆಲುಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಹೀಗಿರುವುವು ಯಾವುವೆಂಬುದು ಅಲ್ಲಿ ಮಲಗುವವರಿಗೆ ಗೊತ್ತು.

ಮಾಲಿಕರ ಪಕ್ಷವನ್ನೂ ಹೇಳಬೇಕಾದ್ದು ಧರ್ಮ. ಕೋಠಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿಯುವುದು ಮಾಣಿಯ ಸಂಬಳದಲ್ಲಿ ಆಗುವ ಮಾತಲ್ಲ. ಊಟವೂ ಮಲಗಲು ಜಾಗವೂ ಹೋಟೆಲಿನಲ್ಲಿಯೇ ದೊರೆಯುವುದರಿಂದಲೇ ಅವನು ಊರಿಗೆ ನಾಲ್ಕು ಕಾಸು ಕಳುಹಿಸಬಲ್ಲನು. ಮಾಲಿಕರು ತಾವೂ ಒಂದು ಕಾಲಕ್ಕೆ ಇಂತಹ ಅಟ್ಟದಲ್ಲೇ ಮಲಗಿ ಮೇಲೆ ಬಂದವರು; ‘ನಾವು ಮಲಗಲಿಲ್ಲವೆ?’ ಎಂಬುದು ಅವರ ಮಾತು. ಮಲಗಿದ್ದರು, ನಿಜ. ಆದರೆ ಅಂದು ಸೌದೆ ಒಲೆಯಿತ್ತು. ಇಂದು ತಲೆದಿಂಬಿನಿಂದ ಹತ್ತು ಮಾರು ದೂರದಲ್ಲಿ 19 ಕಿಲೋದ ಸಿಲಿಂಡರುಗಳು ನಿಂತಿವೆ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲ ಹಿಡಿದು ಹರಡುತ್ತದೆ. ಮೇಲಿನ ಕಿಟಕಿ ತೆರೆದಿದ್ದರೂ ಪ್ರಯೋಜನವಿಲ್ಲ, ನೆಲದ ಮಟ್ಟದಲ್ಲಿ ಗಾಳಿಗಿಂಡಿ ಬೇಕು. ಮುಚ್ಚಿದ ಷಟರಿನೊಳಗೆ ನೆಲದ ಮೇಲೆ ಮಲಗಿದವನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದಕ್ಕೆಲ್ಲ ಕಾಯಿದೆಯಿಲ್ಲವೆ ಎಂದರೆ, ಇದೆ. ಆದರೆ ಒಂದೊಂದು ಕಾಯಿದೆಯೂ ನಮ್ಮ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣ ಪತ್ರವು ವಾಣಿಜ್ಯ ಕಟ್ಟಡಗಳಿಗೆ ಬೇಕಾಗುವುದು ಎತ್ತರ 15 ಮೀಟರು ಮುಟ್ಟಿದರೆ. ಸುಲ್ತಾನ್ ಬಜಾರಿನ ಹಳೆಯ ಎರಡಂತಸ್ತಿನ ಮಾಳಿಗೆ ಅಷ್ಟು ಎತ್ತರವೆಲ್ಲಿ? ಅನಿಲ ಶೇಖರಣೆಗೆ ಪರವಾನಗಿ ಬೇಕಾಗುವುದು 100 ಕಿಲೋ ಮೀರಿದರೆ. ಐದು ಸಿಲಿಂಡರಿಗೆ 95 ಆಗುತ್ತದೆ. ಹೊಸ ಸಂಹಿತೆ ಅನ್ವಯಿಸುವುದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ. ಹನ್ನೆರಡು ಮಂದಿ ದುಡಿಯುವಲ್ಲಿ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರಿರುವುದು ನಮ್ಮವರಿಗೆ ಹೊಸ ಸುದ್ದಿಯಲ್ಲ. ಸ್ವಂತ ಹೋಟೆಲು ಎಷ್ಟೇ ಶಿಸ್ತಿನಿಂದಿದ್ದರೂ ನೆರೆಯ ಅಂಗಡಿಯ ಭಯ ಬೇರೆ. 2024ರ ಅಕ್ಟೋಬರ್ 27ರ ರಾತ್ರಿ ಕೋಠಿಗೆ ಕೂಗಳತೆಯ ಬೊಗ್ಗುಲಕುಂಟದಲ್ಲಿ ಪಟಾಕಿ ಅಂಗಡಿಯೂ ಅದಕ್ಕಂಟಿದ ಹೋಟೆಲೂ ಒಟ್ಟಿಗೆ ಉರಿದುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ.

ಕಚೇರಿಯ ಗುಮಾಸ್ತರು ತಮಗೆ ಈ ಚಿಂತೆಯಿಲ್ಲವೆಂದು ತಿಳಿಯಬಾರದು. 2023ರ ಮಾರ್ಚ್ 16ರ ಸಂಜೆ ಸಿಕಂದರಾಬಾದಿನ ಸ್ವಪ್ನಲೋಕ ಕಟ್ಟಡದಲ್ಲಿ ಮಡಿದ ಆರು ಮಂದಿಯೂ ಕಚೇರಿಯಲ್ಲಿ ದುಡಿಯುತ್ತಿದ್ದ ಎಳೆಯರು. ಅವರನ್ನು ಕೊಂದದ್ದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಹೋದದ್ದಕ್ಕೂ ಕಾರಣ ಹೊಗೆಯೇ. ಅದನ್ನು ತಾಳಲಾರದೆ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಬ್ಯಾಂಕ್ ಸ್ಟ್ರೀಟಿನಲ್ಲೋ ಗುಜರಾತಿ ಗಲ್ಲಿಯಲ್ಲೋ ಮೂರನೆಯ ಮಾಳಿಗೆಯಲ್ಲಿ ಕುಳಿತು ಲೆಕ್ಕ ಬರೆಯುವವರು, ತಮ್ಮ ಮೆಟ್ಟಿಲ ಮೇಲೆ ಎಷ್ಟು ರಟ್ಟಿನ ಪೆಟ್ಟಿಗೆಗಳಿವೆಯೆಂದು ಒಮ್ಮೆ ಎಣಿಸಿ ನೋಡಲಿ.

ಹೊಸ ಸಂಹಿತೆಯಲ್ಲಿ ಒಳ್ಳೆಯ ಅಂಶಗಳಿಲ್ಲವೆಂದಲ್ಲ. ನೇಮಕದ ಪತ್ರವನ್ನು ಕೊಡಲೇಬೇಕು. ಪ್ರಾಣಾಪಾಯದ ಶಂಕೆಯಿದ್ದರೆ ಕೆಲಸಗಾರನು ಮಾಲಿಕರಿಗೂ ತಪಾಸಣಾಧಿಕಾರಿಗೂ ಏಕಕಾಲಕ್ಕೆ ತಿಳಿಸಬಹುದು. ಮಾಲಿಕರ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ 5 ಲಕ್ಷ ರೂಪಾಯಿಗೆ ಕಡಮೆಯಿಲ್ಲದ ದಂಡ, ಇಲ್ಲವೆ ಎರಡೂ. ಹೊರರಾಜ್ಯದಿಂದ ಬಂದು ತಿಂಗಳಿಗೆ 18,000 ರೂಪಾಯಿ ಮೀರದ ಸಂಬಳಕ್ಕೆ ದುಡಿಯುವ ಹತ್ತು ಮಂದಿ ಒಂದೆಡೆ ಇದ್ದರೆ, ಅವರಲ್ಲೊಬ್ಬರಿಗೆ ಮಾರಣಾಂತಿಕ ಅಪಘಾತವಾದಾಗ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಮನೆಯವರಿಗೂ ಮಾಲಿಕರು ತಿಳಿಸಬೇಕು. ತೋಟದ ಕೆಲಸಗಾರನ ಮನೆ, ಕಟ್ಟಡ ಕೆಲಸಗಾರನ ಬಿಡಾರಗಳ ಪ್ರಸ್ತಾಪವೂ ಅದರಲ್ಲಿದೆ. ಹೋಟೆಲಿನ ಅಟ್ಟದ ಪ್ರಸ್ತಾಪವಿಲ್ಲ. ರಾತ್ರಿ ಎರಡೂವರೆಗೆ ನಿದ್ದೆಯಲ್ಲಿ ಸತ್ತವನು ಕೆಲಸದ ಮೇಲಿದ್ದನೆ ಇಲ್ಲವೆ ಎಂಬ ವಾದಕ್ಕೆ ಅವನ ಹೆಂಡತಿ ಮಕ್ಕಳು ವಕೀಲರ ಮೆಟ್ಟಿಲು ಹತ್ತಬೇಕಾಗುತ್ತದೆ.

ಅಧಿಕಾರಿಗೆ ತಿಳಿಸಬಹುದು ಎಂದೆವು. ಆದರೆ ತಿಳಿಸುವವರು ಯಾರು? ನಮ್ಮ ಹುಡುಗರನ್ನು ಇಲ್ಲಿಗೆ ಕರೆತಂದವರು ಅವರವರ ಊರಿನ ಧಣಿಗಳೇ. ತಂಗಿಯ ಮದುವೆಗೆ ಮುಂಗಡ ಕೊಟ್ಟವರೂ ಅವರೇ. ಬೀಗದ ವಿಷಯವೆತ್ತಿದರೆ ಹುಡುಗನು ಅಹಂಕಾರಿಯಾದನೆಂಬ ಮಾತು ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. (ಈ ಮಾತನ್ನು ಬರೆಯುವ ಪತ್ರಿಕೆಗೆ ಜಾಹೀರಾತು ಕೊಡುವವರೂ ಆ ಧಣಿಗಳೇ ಎಂಬುದನ್ನು ನಾವು ಮರೆತಿಲ್ಲ.) ಆದಕಾರಣ ಹುಡುಗರೇ ದೂರು ಕೊಡಲೆಂದು ಕಾಯುವುದು ಸರಿಯಲ್ಲ. ಮಾಲಿಕರ ಸಂಘದವರೇ ತಮ್ಮೊಳಗೆ ಗೊತ್ತುಮಾಡಿಕೊಳ್ಳಲಿ: ಒಳಗೆ ಒಬ್ಬನೇ ಮಲಗಿದ್ದರೂ ಹೊರಗಿನಿಂದ ಬೀಗ ಹಾಕಕೂಡದು, ಹಿಂದಿನ ಬಾಗಿಲು ಕೀಲಿಕೈ ಇಲ್ಲದೆ ಒಳಗಿನಿಂದ ತೆರೆಯುವಂತಿರಬೇಕು, ರಾತ್ರಿ ಸಿಲಿಂಡರಿನ ತಿರುಪು ಮುಚ್ಚಿದವನ ಹೆಸರು ಹಲಗೆಯ ಮೇಲಿರಬೇಕು. ಇದಕ್ಕೆ ತಗಲುವ ಖರ್ಚು ಒಂದು ಅಗುಳಿಯ ಬೆಲೆಯನ್ನು ಮೀರದು.

ಕೆಲಸಗಾರರೂ ತಮ್ಮ ಇ.ಎಸ್.ಐ. ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು, ಅದರ ಒಂದು ನಕಲನ್ನು ಮನೆಗೂ ಕಳುಹಿಸಬೇಕು. ಸಂಖ್ಯೆಯೇ ಇಲ್ಲವೆಂದು ತಿಳಿದುಬಂದರೆ, ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿದೆಯೆ ಎಂದು ಮರುದಿನವೇ ವಿಚಾರಿಸಲಿ.