ಪೂರ್ಣಯ್ಯನವರ ಸೇತುವೆ ಉಳಿಯಲಿ



ಈಚೆಗೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನೋಡಿ ಬಂದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಕಾವೇರಿಗೆ ಕಟ್ಟಿದ ಈ ಸೇತುವೆಗೆ ಕಮಾನುಗಳಿಲ್ಲ. ಸಾಲು ಸಾಲು ಕಲ್ಲುಕಂಬ, ಅವುಗಳ ಮೇಲೆ ಕಲ್ಲಿನದೇ ತೊಲೆ. ಎರಡು ಶತಮಾನಗಳ ಪ್ರವಾಹಗಳನ್ನು ಕಂಡೂ ನಿಂತಿದೆ. ಆದರೆ ಕಲ್ಲುಸಂದುಗಳಲ್ಲಿ ಅರಳಿ ಸಸಿಗಳು ಬೇರು ಬಿಟ್ಟಿವೆ. ಹೀಗೇ ಬಿಟ್ಟರೆ ನೆರೆಗೆ ಜಗ್ಗದ ಕಲ್ಲುಗಳನ್ನು ಬೇರುಗಳೇ ಸಡಿಲಿಸಿಯಾವು.

ಇಂಥವನ್ನು ಕಟ್ಟಿದವರನ್ನು ನೆನೆಯುವ ರೂಢಿ ನಮ್ಮಲ್ಲಿದೆ. ನಮ್ಮ ಕಂಬಂ ಕಣಿವೆಯ ರೈತರು, 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟು ಕಟ್ಟಿದ ಎಂಜಿನಿಯರ್ ಪೆನ್ನಿಕುಯಿಕ್ ಅವರ ಜನ್ಮದಿನವಾದ ಜನವರಿ 15ರಂದು ಇಂದಿಗೂ ಪೊಂಗಲ್ ಇಟ್ಟು ನೆನೆಯುತ್ತಾರೆ. ಪೂರ್ಣಯ್ಯನವರಿಗೆ ಹಬ್ಬ ಬೇಡ. ಮಳೆಗಾಲಕ್ಕೆ ಮುನ್ನ ಗಿಡಗಳನ್ನು ಬೇರುಸಹಿತ ಕಿತ್ತು, ಸಂದುಗಳಿಗೆ ಸುಣ್ಣದ ಗಾರೆ ತುಂಬಿಸಿದರೆ ಸಾಕು. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.

– ಓದುಗ, ಕಂಬಂ, ತೇನಿ ಜಿಲ್ಲೆ