ಲಾಗ್ ಫೈಲ್ ಎಲ್ಲಿರಬೇಕು ಅಂತ ಹೇಳೋರು ಯಾರು?

ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯುವ ನಮ್ಮವರಿಗೆ ಒಂದು ಅಭ್ಯಾಸ. ಲಾಗ್ ಫೈಲಿನ ಪೂರ್ತಿ ಪಾಥ್ ಅನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಬರೆದು, ಅದನ್ನು ವಾರ್ ಫೈಲಿನ ಒಳಗೇ ಗಂಟು ಕಟ್ಟಿ ಕಳಿಸಿಬಿಡುತ್ತಾರೆ. ಅವರ ಕಂಪ್ಯೂಟರಿನಲ್ಲಿ ಡಿ ಡ್ರೈವ್ ಇದೆ, ಅಲ್ಲೊಂದು ಲಾಗ್ಸ್ ಫೋಲ್ಡರ್ ಇದೆ, ಕೆಲಸ ಆಗ್ತಾ ಇದೆ. ಆದರೆ ಸರ್ವರಿನಲ್ಲಿರೋದು ಲಿನಕ್ಸ್. ಅಲ್ಲಿ ಡಿ ಡ್ರೈವ್ ಎಲ್ಲಿಂದ ಬರಬೇಕು ಸ್ವಾಮಿ? ಜಾವಾ ಏನೂ ತಕರಾರು ಮಾಡದೆ 'ಡಿ ಕೋಲನ್' ಎಂಬ ಹೆಸರಿನದೇ ಒಂದು ಫೋಲ್ಡರ್ ಮಾಡಿ ಅದರೊಳಗೆ ಬರೆಯುತ್ತಾ ಕೂರುತ್ತದೆ!

ನನ್ನ ವಾದ ಇಷ್ಟೇ. ಲಾಗ್‌ನಲ್ಲಿ ಏನು ಬರೀಬೇಕು ಅನ್ನೋದು ಪ್ರೋಗ್ರಾಮರ್ ತೀರ್ಮಾನ. ಎಲ್ಲಿ ಬರೀಬೇಕು ಅನ್ನೋದು ಸರ್ವರ್ ನಡೆಸುವವರ ತೀರ್ಮಾನ. ದೇವರ ಪಟ ಎಲ್ಲಿ ತೂಗುಹಾಕಬೇಕು ಅಂತ ಮನೆ ಕಟ್ಟಿದ ಮೇಸ್ತ್ರಿಯೇ ಗೋಡೆಗೆ ಮೊಳೆ ಹೊಡೆದು ಹೋದರೆ ಒಪ್ತೀರಾ?

'ಹಾಗಾದ್ರೆ ಬರೀ ಫೈಲ್ ಹೆಸರು ಕೊಟ್ಟುಬಿಡೋಣ' ಅನ್ನುವವರಿದ್ದಾರೆ. ಆಗ ಫೈಲ್ ಎಲ್ಲಿ ಹುಟ್ಟುತ್ತದೆ ಅನ್ನೋದು ಟಾಮ್‌ಕ್ಯಾಟ್ ಅನ್ನು ಯಾವ ಫೋಲ್ಡರಿನಲ್ಲಿ ನಿಂತು ಶುರು ಮಾಡಿದಿರಿ ಅನ್ನುವುದರ ಮೇಲೆ ಹೋಗುತ್ತದೆ. ನೀವು ಬಿನ್ ಫೋಲ್ಡರಿನಿಂದ ಶುರು ಮಾಡಿದರೆ ಅಲ್ಲಿ, ಸರ್ವರ್ ರೀಬೂಟ್ ಆಗಿ ತಾನೇ ಶುರುವಾದರೆ ಇನ್ನೆಲ್ಲೋ.

ಇನ್ನು ಕೆಲವರು ಅಪ್ಲಿಕೇಶನ್ನಿನ ಫೋಲ್ಡರ್ ಒಳಗೇ ಬರೆಯುತ್ತಾರೆ. ಹೊಸ ವಾರ್ ಹಾಕಿದ ದಿನ ಹಳೇ ಫೋಲ್ಡರ್ ಜೊತೆ ಲಾಗ್ ಕೂಡ ಮಾಯ. ಹೊಸ ವರ್ಶನ್ ಹಾಕಿದಾಗಲೇ ಅಲ್ವಾ ಹಳೇ ಲಾಗ್ ಬೇಕಾಗೋದು? ವಾರ್ ಬಿಚ್ಚದೆ ಓಡಿಸುವ ಸರ್ವರಿನಲ್ಲಿ ಗೆಟ್ ರಿಯಲ್ ಪಾಥ್ ಕೇಳಿದರೆ ಸಿಗೋದು ನಲ್. ಅದಕ್ಕೇ ಸ್ಲ್ಯಾಶ್ ಸೇರಿಸಿ 'ನಲ್' ಅನ್ನುವ ಫೋಲ್ಡರ್ ಮಾಡಿಟ್ಟ ಪುಣ್ಯಾತ್ಮರನ್ನೂ ಕಂಡಿದ್ದೇನೆ. ವೆಬ್-ಇನ್ಫ್ ಹೊರಗೆ ಬರೆದರಂತೂ ದಾರೀಲಿ ಹೋಗೋರೂ ಬ್ರೌಸರಿನಲ್ಲಿ ನಿಮ್ಮ ಲಾಗ್ ಓದಬಹುದು.

ಲಿನಕ್ಸ್ ಸಂಪ್ರದಾಯದಂತೆ 'ವಾರ್ ಸ್ಲ್ಯಾಶ್ ಲಾಗ್' ಎಂದೇ ಬರೆದುಬಿಟ್ಟರೆ? ಇದ್ದುದರಲ್ಲಿ ವಾಸಿ, ಆದರೂ ತಪ್ಪು. ಅಲ್ಲಿ ಫೋಲ್ಡರ್ ಮಾಡಲು ಟಾಮ್‌ಕ್ಯಾಟ್ ಯೂಸರಿಗೆ ಅನುಮತಿ ಇರುವುದಿಲ್ಲ. ಡೆಬಿಯನ್‌ನ ಟಾಮ್‌ಕ್ಯಾಟ್ 9 ಪ್ಯಾಕೇಜಿನಲ್ಲಿ ಸಿಸ್ಟಂಡಿ ಬೇಲಿ ಹಾಕಿರುವುದರಿಂದ, ಬೇರೆ ಫೋಲ್ಡರಿಗೆ ನೀವು 777 ಕೊಟ್ಟರೂ ಬರೆಯಲು ಬಿಡುವುದಿಲ್ಲ. ಒಂದೇ ಸರ್ವರಿನಲ್ಲಿ ಟೆಸ್ಟಿಂಗಿಗೊಂದು, ಬಳಕೆಗೊಂದು ಅಂತ ಎರಡು ಪ್ರತಿ ಓಡಿಸಿದರೆ ಎರಡೂ ಒಂದೇ ಫೈಲಿಗೆ ಬಂದು ಬೀಳುತ್ತವೆ.

ಪರಿಹಾರ ದೊಡ್ಡದೇನಲ್ಲ. ಪಾಥ್ ಜಾಗದಲ್ಲಿ ಒಂದು ವೇರಿಯಬಲ್ ಇಡಿ. ಅದರ ಬೆಲೆಯನ್ನು ಸರ್ವರ್ ನಡೆಸುವವರು ಟಾಮ್‌ಕ್ಯಾಟ್‌ನ ಸೆಟ್‌ಎನ್ವ್ ಸ್ಕ್ರಿಪ್ಟಿನಲ್ಲಿ ಮೈನಸ್ ಡಿ ಹಾಕಿ ಕೊಡುತ್ತಾರೆ. ಅವರು ಕೊಡದಿದ್ದರೆ ಕ್ಯಾಟಲೀನಾ ಬೇಸ್‌ನ ಲಾಗ್ಸ್ ಫೋಲ್ಡರಿಗೆ ಹೋಗಲಿ. ಆ ಪ್ರಾಪರ್ಟಿಯನ್ನು ಟಾಮ್‌ಕ್ಯಾಟ್ ತಾನೇ ತುಂಬಿಕೊಡುತ್ತದೆ. ಲಾಗ್‌ಬ್ಯಾಕ್, ಲಾಗ್‌ಫೋರ್‌ಜೆ 2 ಎರಡರಲ್ಲೂ ವೇರಿಯಬಲ್ ಹೆಸರಿನ ಮುಂದೆ ಕೋಲನ್, ಮೈನಸ್ ಹಾಕಿ ಡಿಫಾಲ್ಟ್ ಬರೆಯಬಹುದು.

ಈ ಡಿಫಾಲ್ಟ್ ಮರೀಬೇಡಿ. ವೇರಿಯಬಲ್ ಖಾಲಿ ಇದ್ದರೆ ಹಳೇ ಲಾಗ್‌ಫೋರ್‌ಜೆ 1 ಆ ಜಾಗವನ್ನು ಖಾಲಿಯೇ ಬಿಟ್ಟು ನೇರ ರೂಟ್ ಫೋಲ್ಡರಿನಲ್ಲಿ ಬರೆಯಲು ಹೊರಡುತ್ತದೆ. ಲಾಗ್‌ಬ್ಯಾಕ್ ಆ ಹೆಸರಿಗೆ 'ಈಸ್ ಅನ್‌ಡಿಫೈನ್ಡ್' ಅಂತ ಬಾಲ ಅಂಟಿಸಿ ಫೋಲ್ಡರ್ ಮಾಡುತ್ತದೆ. ಲಾಗ್‌ಫೋರ್‌ಜೆ 2 ಡಾಲರ್ ಚಿಹ್ನೆ, ಬ್ರ್ಯಾಕೆಟ್ ಸಮೇತ ನೀವು ಬರೆದದ್ದನ್ನೇ ಫೋಲ್ಡರಿನ ಹೆಸರು ಮಾಡುತ್ತದೆ. ಒಬ್ಬೊಬ್ಬರದು ಒಂದೊಂದು ಲೀಲೆ!

'ಇದೆಲ್ಲ ಹಳೇ ಕಾಲದ್ದು, ಸುಮ್ಮನೆ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೀರಿ' ಅಂತ ಡಾಕರ್ ಬಳಸುವವರು ಹೇಳ್ತಾರೆ. ಕಂಟೇನರ್ ಒಳಗೆ ಅದೇ ಸರಿ. ಜಾಗ ಆರಿಸುವ ಕೆಲಸ ಹೊರಗಿನವರಿಗೆ ಬಿಟ್ಟಂತಾಯ್ತು, ನಾನು ಹೇಳ್ತಿರೋದೂ ಅದನ್ನೇ. ಆದರೆ ಮಾಮೂಲಿ ಸ್ಕ್ರಿಪ್ಟಿನಿಂದ ಶುರು ಮಾಡಿದ ಟಾಮ್‌ಕ್ಯಾಟ್‌ನಲ್ಲಿ ಅದೆಲ್ಲ ಹೋಗಿ ಸೇರೋದು ಕ್ಯಾಟಲೀನಾ ಡಾಟ್ ಔಟ್ ಎಂಬ ಒಂದೇ ಫೈಲಿಗೆ. ಎಲ್ಲ ಅಪ್ಲಿಕೇಶನ್ನುಗಳದ್ದೂ ಅಲ್ಲೇ ಕಲಸುಮೇಲೋಗರ. ಟಾಮ್‌ಕ್ಯಾಟ್ ತಾನಾಗಿ ಅದನ್ನು ರೊಟೇಟ್ ಮಾಡುವುದೂ ಇಲ್ಲ. ಡಿಸ್ಕ್ ತುಂಬುವವರೆಗೂ ಬೆಳೆಯುತ್ತದೆ.

'ನಮ್ಮದು ಚಿಕ್ಕ ಅಪ್ಲಿಕೇಶನ್, ಒಂದೇ ಸರ್ವರ್, ಇಷ್ಟೆಲ್ಲ ಯಾಕೆ?' ಅನ್ನುವವರಿಗೆ ಒಂದು ನೆನಪು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಶೆಲ್ ತೂತು ಬಯಲಾದಾಗ ಮೊದಲು ಮಾಡಬೇಕಿದ್ದ ಕೆಲಸಗಳಲ್ಲಿ ಒಂದು, ಯಾರಾದರೂ ಒಳಗೆ ಕೈ ಹಾಕಲು ನೋಡಿದ್ದಾರಾ ಅಂತ ಲಾಗ್‌ಗಳಲ್ಲಿ ಹುಡುಕೋದು. ಆ ಹುಡುಕಾಟ ಚಿಕ್ಕವರು ದೊಡ್ಡವರು ಅಂತ ನೋಡಲಿಲ್ಲ. ಲಾಗ್ ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಏನು ಹುಡುಕಬೇಕು? 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನ, 180 ದಿನದ ಲಾಗ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು ಅಂತಲೂ ಹೇಳುತ್ತದೆ. ಪ್ರತಿ ವಾರ್ ಜೊತೆ ಅಳಿಸಿಹೋಗುವ ಲಾಗ್ ಇಟ್ಟುಕೊಂಡು 180 ದಿನ ತೋರಿಸೋದು ಹೇಗೆ?

ರಾತ್ರಿ ಎರಡು ಗಂಟೆಗೆ ಅಪ್ಲಿಕೇಶನ್ ಮಲಗಿದಾಗ ಎದ್ದು ಬಂದು ಲಾಗ್ ಹುಡುಕುವವರು ಅದನ್ನು ಬರೆದ ಪ್ರೋಗ್ರಾಮರ್ ಅಲ್ಲ, ಸರ್ವರ್ ನೋಡಿಕೊಳ್ಳುವ ಇನ್ಯಾರೋ. ನಿಮ್ಮ ಡಿ ಡ್ರೈವಿನ ಕಥೆ ಅವರಿಗೆ ಗೊತ್ತಿಲ್ಲ. ಅವರಿಗಾಗಿ ಒಂದು ಸಾಲು ಬದಲಿಸೋದು ಕಷ್ಟಾನಾ, ನೀವೇ ಹೇಳಿ.